ಹೆಸ್ಕೆಲ್ ಮಾಮನ ಹಂಡೆ ಕೆಳಗಿನ ಗೂಡು

ಲೇ, ಕೇಳಿಲ್ಲಿ, ಹೆಸ್ಕೆಲ್ ಮಾಮನ ವಿಷ್ಯ ಹೇಳ್ಲೇಬೇಕು. ಜೆರುಸಲೇಮಲ್ಲಿ ನಮ್ಮ ಓಣೀಗೆಲ್ಲ ಸೋಲಾರ್ ಹಂಡೆ ರಿಪೇರಿ ಮಾಡೋರು ಅವ್ರೊಬ್ರೇ. ಮೂವತ್ತು ವರ್ಷದಿಂದ ತಾರಸಿ ಮೇಲೇ ಬದುಕು. ಮಂಗಳವಾರ ಸಂಜೆ ಮಾತ್ರ ನಮ್ಮ ಯೆಹೂದಿ ಗುರು ರಬ್ಬಿಗಳ ಪಾಠಕ್ಕೆ ಅಂತ ಬೇಗ ಇಳೀತಾರೆ. ಎಂಟ್ನೂರು ವರ್ಷದ ಹಿಂದೆ ನಮ್ಮ ತತ್ವಜ್ಞಾನಿಗಳು ಧರ್ಮದ ಒಂದೊಂದು ಕಟ್ಟಳೆಗೂ ಕಾರಣ ಹುಡುಕಿದ್ರಲ್ಲ, ಅದೇ ಪಾಠ. "ಕಾರಣ ಕೇಳ್ಬೇಡಿ, ಅಪ್ಪಣೆ ಅಂದ್ರೆ ಅಪ್ಪಣೆ" ಅನ್ನೋ ಇನ್ನೊಂದು ಪಕ್ಷಾನೂ ಇದೆ. ಅದು ಬಂದಾಗ ಮಾಮ ತೂಕಡಿಸ್ತಾರೆ.

"ದೇವ್ರು ಸುಮ್ಸುಮ್ನೆ ಏನೂ ಹೇಳಲ್ಲಮ್ಮಾ" ಅಂತ ಗಿರಾಕಿಗಳಿಗೂ ಬೋಧನೆ.

"ಮೊದ್ಲು ಹಂಡೆ ಸೋರೋಕೆ ಕಾರಣ ಹೇಳಿ" ಅಂತಾರೆ ಅವ್ರು.

ಪಾಸ್ಕ ಹಬ್ಬ ಆದ್ಮೇಲೆ ಮಾಮನ ಹಂಡೆ ಕೆಳಗೇ ಪಾರಿವಾಳ ಗೂಡು ಕಟ್ತು. ಎರಡು ಮೊಟ್ಟೆ. ಮೊಟ್ಟೆ ಎತ್ತೋ ಮುಂಚೆ ತಾಯಿ ಹಕ್ಕೀನ ಕಳಿಸ್ಬಿಡ್ಬೇಕು, ಅದು ಕಟ್ಟಳೆ. ಹಾಗೆ ಮಾಡಿದ್ರೆ ಮಕ್ಕಳಾಗತ್ತೆ ಅಂತ ಜನರ ನಂಬಿಕೆ. ಮಾಮನ ಮಗಳು ಯಾಫಿತ್‌ಗೆ ಮದುವೆಯಾಗಿ ಏಳು ವರ್ಷ, ಇನ್ನೂ ಮಗು ಇಲ್ಲ.

"ನಾಳೆ ಬೆಳಕು ಹರಿಯೋ ಹೊತ್ಗೆ ಯಾಫಿತ್ ಬರ್ತಾಳೆ. ತಡ ಆದ್ರೆ ಗಂಡು ಹಕ್ಕಿ ಕಾವಿಗೆ ಬಂದು ಕೂರತ್ತೆ, ಅದನ್ನ ಓಡಿಸಿದ್ರೆ ಪುಣ್ಯ ಇಲ್ಲ" ಅಂದ್ರು ಮಾಮನ ಹೆಂಡ್ತಿ ಲುಲು ಅತ್ತೆ.

"ಆ ಕಟ್ಟಳೆಗೆ ಕಾರಣ ಕರುಣೆ ಕಣೇ! ಇಷ್ಟೆಲ್ಲ ರಗಳೆ ಯಾಕೆ, ಗೂಡನ್ನೇ ಬಿಟ್ಬಿಡೋಣ ಅಂತ ಜನಕ್ಕೆ ಅನ್ನಿಸ್ಲಿ ಅಂತಾನೇ ಅದು ಇರೋದು" ಅಂದ್ರು ಮಾಮ.

"ಆ ಹಕ್ಕಿಗೆ ಒಂದೇ ಸಲಕ್ಕೆ ಎರಡು ಸಿಕ್ಕಿದೇರೀ. ನಿಮ್ಮ ಕರುಣೆ ಸ್ವಲ್ಪ ಮಗಳ ಕಡೆಗೂ ತಿರುಗ್ಲಿ."

ಆಮೇಲೆ ನೋಡಿದ್ರೆ, ಮಾಮ ಏಣಿ ಒರೆಸ್ತಾ ಇದಾರೆ! ಬೆಳಗಿನ ಜಾವ ಅವ್ರೇ ಏಣಿ ಹಿಡ್ಕೊಂಡ್ರು, ನಾನು ಪಕ್ಕದ ತಾರಸೀಲಿದ್ದೆ. ಯಾಫಿತ್ ಹತ್ತಿದ್ಲು. ಹಂಡೆ ಹತ್ರ ಬಗ್ಗಿ ಕೈ ಚಾಚಿದ್ಲು. ಹಾಗೇ ಎಷ್ಟೋ ಹೊತ್ತು ನಿಂತ್ಲು. ಖಾಲಿ ಕೈಲಿ ಇಳಿದ್ಲು.

"ಏನಾಯ್ತೇ?"

"ನನ್ನೇ ನೋಡ್ತಾ ಕೂತಿತ್ತಪ್ಪಾ. ಏಳಿಸೋಕೆ ಮನಸ್ಸು ಬರ್ಲಿಲ್ಲ."

"ಮನಸ್ಸು ಬರ್ಲಿಲ್ವಾ? ಅಲ್ಲ, ಒಂದು ಸಲ ಹುಶ್ ಅನ್ನೋಕೂ ಆಗಲ್ವಾ? ಎಂಥಾ ಮೊಂಡುತನ ಇದು!" ಅಂತ ಮಾಮ ಕಿರುಚಿದ ರಭಸಕ್ಕೆ ಓಣಿ ಕಿಟಕಿಗಳೆಲ್ಲ ತೆಗೆದ್ವು. ಹಕ್ಕಿ ಮಾತ್ರ ಅಲ್ಲಾಡ್ಲಿಲ್ಲ.

"ನಿನ್ನೆ ಅಮ್ಮನ ಹತ್ರ ನೀನೇ ಅಲ್ವಾ ಹೇಳಿದ್ದು, ಗೂಡು ಬಿಟ್ಬಿಡ್ಬೇಕು ಅಂತ?" ಅಂದ್ಲು ಯಾಫಿತ್. ಮಾಮ ಏಣಿ ಮಡಚಿದ್ರು.

ಮರಿಗಳು ಹಾರಿ ಹೋದ್ವು. ಯಾಫಿತ್ ಕಡೆಯಿಂದ ಇನ್ನೂ ಸುದ್ದಿ ಇಲ್ಲ. ಮಾಮ ಈಗ್ಲೂ ಪಾಠಕ್ಕೆ ಹೋಗ್ತಾರೆ. ಹೋದ ಮಂಗಳವಾರ ಕೈ ಎತ್ತಿ ಕೇಳಿದ್ರು:

"ರಬ್ಬಿಗಳೇ, ಆ ಇನ್ನೊಂದು ಪಕ್ಷ, ಕಾರಣ ಕೇಳ್ಬೇಡಿ ಅನ್ನೋರದ್ದು, ಅದನ್ನ ಇನ್ನೊಂದ್ಸಲ ಹೇಳ್ತೀರಾ? ಅವತ್ತು ನಾನು ನಿದ್ದೆ ಮಾಡ್ಬಿಟ್ಟಿದ್ದೆ."