ಹಗುರ ಇಸ್ತ್ರಿಪೆಟ್ಟಿಗೆ

ನನ್ನ ತಮ್ಮನನ್ನು ಬೀದಿಯವರೆಲ್ಲ ಗೆರೆ ಮಾಮ ಎನ್ನುತ್ತಾರೆ. ಅವನು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ಬಸ್ಸಿನಲ್ಲಿ ಕೂತೆದ್ದರೂ ಮುರಿಯುವುದಿಲ್ಲ. ಗಂಡ ಹೋದ ಮೇಲೆ ನಾನು ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೇನೆ. ನಡುವೆ ಒಂದು ಪರದೆ. ಅವನು ಆ ಕಡೆ ಇಸ್ತ್ರಿ ಮಾಡುತ್ತಾನೆ, ನಾನು ಈ ಕಡೆ ಉದುರಿದ ಗುಂಡಿಗಳನ್ನು ಹೊಲಿಯುತ್ತೇನೆ. ಅವನದು ಅಪ್ಪನ ಕಾಲದ ಕೆಂಡದ ಪೆಟ್ಟಿಗೆ. ಬಟ್ಟೆಯ ಮೇಲೆ ಸದ್ದಿಲ್ಲದೆ ಸರಿಯುತ್ತಿತ್ತು. ಬದಿಯ ಕಬ್ಬಿಣದ ತಟ್ಟೆಯ ಮೇಲೆ ಇಟ್ಟಾಗ ಮಾತ್ರ ಠಣ್ ಎನ್ನುತ್ತಿತ್ತು.

ಹೋದ ವರ್ಷ ಅವನಿಗೆ ಎದೆ ಹಿಡಿಯತೊಡಗಿತು. ಯಾರೋ ಎದೆಯ ನಡುವೆ ಮೊಣಕಾಲೂರಿದ ಹಾಗೆ. ಅಲ್ಲಿಂದ ದವಡೆಗೆ, ಎಡದ ತೋಳಿಗೆ. ದಪ್ಪ ಬೆಡ್‌ಶೀಟು ಒತ್ತುವಾಗ ಬರುತ್ತಿತ್ತು, ಸ್ಟೂಲಿನ ಮೇಲೆ ಕೂತರೆ ಹೋಗುತ್ತಿತ್ತು.

“ಇದು ಪೆಟ್ಟಿಗೆ ಕಾಟ ಅಕ್ಕಾ,” ಅಂದ. “ಎತ್ತಿದ್ರೆ ಬರುತ್ತೆ, ಇಟ್ರೆ ಹೋಗುತ್ತೆ. ಇನ್ನೇನು ಸಾಕ್ಷಿ ಬೇಕು?”

“ನೀನು ಎತ್ತೋದು ಬಲಗೈಲಿ ಕಣೋ. ನೋಯ್ತಿರೋದು ಎಡಗೈ.”

“ಬಲಗೈ ದುಡಿಯುತ್ತೆ, ಎಡಗೈ ಹೊಟ್ಟೆಕಿಚ್ಚು ಪಡುತ್ತೆ,” ಎಂದು ನಕ್ಕ.

ಅಪ್ಪನ ಪೆಟ್ಟಿಗೆ ಅಟ್ಟ ಸೇರಿತು. ಅದರ ಅರ್ಧ ಭಾರವೂ ಇಲ್ಲದ ಕರೆಂಟಿನ ಪೆಟ್ಟಿಗೆ ಬಂತು. ನೋವೂ ಕಡಿಮೆಯಾಯಿತು. ನಮ್ಮನ್ನು ಕೆಡಿಸಿದ್ದೇ ಅದು. ಭಾರ ಇಳಿದಾಗ ಹೃದಯದ ಕೆಲಸ ಇಳಿದಿತ್ತು, ಅಷ್ಟೇ. ರೋಗ ಇದ್ದಲ್ಲೇ ಇತ್ತು. ಅದು ನಮಗೆ ತಿಳಿದದ್ದು ಆಮೇಲೆ. ಆಗಂತೂ ಅವನು ಗಿರಾಕಿಗಳಿಗೆಲ್ಲ ಹೊಸ ಪೆಟ್ಟಿಗೆಯ ಮಹಿಮೆ ಸಾರಿದ್ದೇ ಸಾರಿದ್ದು. ಡಾಕ್ಟರ ಹತ್ತಿರ ಹೋಗು ಎಂದು ನಾನು ಅಂದಾಗಲೆಲ್ಲ ಅದನ್ನು ಒಂದೇ ಬೆರಳಲ್ಲಿ ಎತ್ತಿ ತೋರಿಸುತ್ತಿದ್ದ.

ಒಂದು ಬೆಳಗ್ಗೆ ಅಂಗಡಿ ತೆರೆದು, ಟೀ ಲೋಟ ಹಿಡಿದು ಸುಮ್ಮನೆ ಕೂತಿದ್ದ. ಲೋಟ ಕೆಳಗೆ ಬಿತ್ತು. ಪರದೆ ಸರಿಸಿ ನೋಡಿದರೆ ಮುಖವೆಲ್ಲ ಬೆವರು, ಅಂಗಿ ಮೈಗಂಟಿದೆ. ಪೆಟ್ಟಿಗೆ ಮೇಜಿನ ಆ ತುದಿಯಲ್ಲಿ ತಣ್ಣಗಿತ್ತು, ಪ್ಲಗ್ಗನ್ನೂ ಹಾಕಿರಲಿಲ್ಲ.

“ಅಕ್ಕಾ, ನಾನದನ್ನ ಮುಟ್ಟೇ ಇಲ್ಲ,” ಅಂದ. ಚಿಕ್ಕವನಿದ್ದಾಗ ಏನಾದರೂ ಒಡೆದರೆ ಹಾಗೇ ಹೇಳುತ್ತಿದ್ದ.

ಅವನ ಮಗಳು ಆಂಬುಲೆನ್ಸ್ ಕರೆಸಿದಳು. ಆಸ್ಪತ್ರೆಯ ಡಾಕ್ಟರಮ್ಮ ನಮಗೆ ಬಿಡಿಸಿ ಹೇಳಿದರು: “ಹೃದಯಕ್ಕೆ ರಕ್ತ ಕೊಡೋ ನಾಳಗಳು ಒಳಗೆ ಕೊಬ್ಬು ಕಟ್ಟಿ ಸಣ್ಣ ಆಗಿವೆ. ಮಣಿಕಟ್ಟಲ್ಲಿ ಚುಚ್ಚಿ ತೆಳು ನಳಿಕೆ ತೂರಿಸ್ತೀವಿ. ಸಣ್ಣ ಆದ ಕಡೆ ಬಲೂನು ಉಬ್ಬಿಸಿ ದಾರಿ ಅಗಲ ಮಾಡ್ತೀವಿ. ಮತ್ತೆ ಮುಚ್ಚದ ಹಾಗೆ ಜಾಲರಿ ಥರದ ಸ್ಟೆಂಟು ಅಲ್ಲೇ ಬಿಡ್ತೀವಿ.”

“ಸುಕ್ಕು ತೆಗೀತೀರಿ ಅನ್ನಿ. ನಂದೇ ಕೆಲಸ,” ಅಂದ ಮಲಗಿದ್ದಲ್ಲಿಂದಲೇ.

“ಸದ್ಯ, ನನ್ನ ಕೋಟು ನೋಡಿ ಬೈಬೇಡಿ, ಅಷ್ಟು ಸಾಕು,” ಎಂದು ಡಾಕ್ಟರಮ್ಮ ನಕ್ಕರು.

ಅವನನ್ನು ಒಳಗೆ ಕರೆದೊಯ್ದರು. ಅವನ ಅಂಗಿ ನನ್ನ ಮಡಿಲಲ್ಲಿತ್ತು. ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ನನ್ನ ಕೈ ಬೆವರಿಗೆ ಅದು ಇನ್ನಷ್ಟು ಮುದುಡಿತು. ಮಾಡಲು ಬೇರೆ ಏನೂ ಇರಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದಾಗ ನಗುತ್ತಿರಲಿಲ್ಲ. “ದೊಡ್ಡ ನಾಳ ತೆರೆದಿದ್ದೀವಿ, ಅದು ಚೆನ್ನಾಗಾಗಿದೆ. ಇನ್ನೊಂದು ಕೊನೇ ತನಕ ದಾರದ ಹಾಗಿದೆ, ಬಲೂನು ಹೋಗಲ್ಲ. ಆಪರೇಷನ್ ಮಾಡಿ ಬೇರೆ ನಾಳ ಜೋಡಿಸೋಣ ಅಂದ್ರೂ ಹೊಲಿಗೆ ಹಿಡಿಯಲ್ಲಮ್ಮ.”

ಹೊಲಿಗೆ ಹಿಡಿಯದ ಬಟ್ಟೆ ಎಂಥದೆಂದು ನನಗೆ ಗೊತ್ತು.

“ಹಾಗಾದ್ರೆ ನೋವು ಮತ್ತೆ ಬರುತ್ತಾ ಮೇಡಂ?” ಮಗಳು ಕೇಳಿದಳು.

“ಬರಬಹುದು. ಬಂದ ತಕ್ಷಣ ಕೆಲಸ ಬಿಟ್ಟು ಕೂತ್ಕೋಬೇಕು, ನಾಲಿಗೆ ಅಡಿ ಮಾತ್ರೆ ಇಟ್ಕೋಬೇಕು. ಐದು ನಿಮಿಷದಲ್ಲಿ ಹೋಗದಿದ್ರೆ ಆಂಬುಲೆನ್ಸ್ ಕರೀರಿ. ದಿನದ ಮಾತ್ರೆಗಳನ್ನ ಮಾತ್ರ ತಪ್ಪಿಸೋ ಹಾಗಿಲ್ಲ.”

ಈಗ ಅವನು ಅಂಗಿ, ಪ್ಯಾಂಟು ಮಾತ್ರ ತೆಗೆದುಕೊಳ್ಳುತ್ತಾನೆ, ಬೆಡ್‌ಶೀಟು ಬೇಡವೆನ್ನುತ್ತಾನೆ. ಹಗುರ ಪೆಟ್ಟಿಗೆ ಠಣ್ ಎನ್ನುವುದಿಲ್ಲ, ಟಕ್ ಎನ್ನುತ್ತದೆ. ಒಂದು ಟಕ್ ಆದ ಮೇಲೆ ಇನ್ನೊಂದು ಬರುವುದು ತಡವಾದರೆ ನನ್ನ ಸೂಜಿ ನಿಲ್ಲುತ್ತದೆ. ಅದು ಅವನಿಗೂ ಗೊತ್ತು. ಅಲ್ಲಿಂದಲೇ ಕೂಗುತ್ತಾನೆ:

“ನೀರು ಚಿಮುಕಿಸ್ತಿದೀನಿ ಅಕ್ಕಾ!”

“ಗಿರಾಕಿ ಬಂದಿದಾರೆ ಅಕ್ಕಾ, ಇನ್ನೂ ಸತ್ತಿಲ್ಲ!”

“ಬಾಯಿ ಮುಚ್ಚೋ, ಅಪಶಕುನದವನೇ!”

ಈ ದಿನ ಮಧ್ಯಾಹ್ನ ಟಕ್ ಎಂದಿತು. ಕೂಗು ಬರಲಿಲ್ಲ. ಮಾತ್ರೆ ನಾಲಿಗೆಯ ಕೆಳಗಿದ್ದರೆ ಅವನು ಬಾಯಿ ತೆರೆಯುವುದಿಲ್ಲ. ಪರದೆ ಸರಿಸಿದೆ. ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಆ ನೋವಿನಲ್ಲೂ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಬಿಟ್ಟಿರಲಿಲ್ಲ, ಸರಿಯಾಗಿ ತಟ್ಟೆಯ ಮೇಲಿಟ್ಟಿದ್ದ. ಅಂಗಿಯ ಒಂದು ತೋಳು ಆಗಿತ್ತು, ಇನ್ನೊಂದು ಮುದುಡಿ ಬಿದ್ದಿತ್ತು. ನನ್ನ ಹೆಜ್ಜೆ ಕೇಳಿ ಕೈ ಎತ್ತಿದ, ತಾಳು ಎಂಬಂತೆ.

ಫೋನು ಕೈಯಲ್ಲಿ ಹಿಡಿದು, ಗೋಡೆಯ ಗಡಿಯಾರದಲ್ಲಿ ಆ ಐದು ನಿಮಿಷ ಎಣಿಸುತ್ತ ನಿಂತೆ. ಅವನ ಕೈ ಇನ್ನೂ ಕೆಳಗಿಳಿದಿರಲಿಲ್ಲ.