ದೊಡ್ಡವರು ಕರೆದರೆ ನಿಲ್ಲಬೇಕು

ನಮ್ಮ ಮನೆಗೂ ಮೊಮ್ಮಗಳ ಶಾಲೆಗೂ ಎಷ್ಟು ದೂರ ಎಂದರೆ, ಗಾಳಿ ಈ ಕಡೆ ಬೀಸಿದ ದಿನ ಅಲ್ಲಿಯ ಪ್ರಾರ್ಥನೆಯ ಗಂಟೆ ನನ್ನ ಅಡುಗೆಮನೆಗೆ ಕೇಳುತ್ತದೆ. ಕೃಷ್ಣಮೂರ್ತಿಪುರಂನ ಎರಡು ಮೂರು ಬೀದಿ, ಒಂದು ದೊಡ್ಡ ರಸ್ತೆ, ಆಮೇಲೆ ಗೇಟು. ಅಷ್ಟಕ್ಕೆ ನನ್ನ ಮಗ ದಿನಾ ಸ್ಕೂಟರ್ ತೆಗೆದು, ತಾನು ಹೆಲ್ಮೆಟ್ ಹಾಕಿಕೊಂಡು, ಅವಳಿಗೂ ಹಾಕಿ, ಒನ್‌ವೇ ಎಂದು ಸುತ್ತು ಹೊಡೆದು, ಗೇಟಿನ ಮುಂದೆ ಬೇರೆ ಅಪ್ಪಂದಿರ ಕಾರುಗಳ ಮಧ್ಯೆ ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಿದ್ದ. ನಡೆದರೆ ಅದಕ್ಕಿಂತ ಬೇಗ ಹೋಗಬಹುದು ಕಣೋ ಎಂದರೆ, ‘ನಿಮ್ಮ ಕಾಲ ಬೇರೆ ಅಮ್ಮ’ ಎನ್ನುತ್ತಿದ್ದ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಕಾಲವೇನು ಸತ್ಯಯುಗವೇ? ಆಗಲೂ ನಾಯಿ ಕಚ್ಚುತ್ತಿತ್ತು, ಟಾಂಗಾದ ಕುದುರೆ ಬೆದರುತ್ತಿತ್ತು, ಪೋಲಿಗಳು ಮೂಲೆಯಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದರು. ಆದರೂ ನಾವು ನಡೆದೆವು.

ಮೊಮ್ಮಗಳು ಆರನೇ ಕ್ಲಾಸಿಗೆ ಬಂದ ವರ್ಷ, ಒಂದು ಸಂಜೆ ಊಟಕ್ಕೆ ಕೂತಾಗ ತಾನೇ ಬಾಯಿಬಿಟ್ಟಳು.

“ಇನ್ಮೇಲೆ ನಾನು ಸ್ಕೂಲಿಗೆ ನಡ್ಕೊಂಡು ಹೋಗ್ತೀನಿ. ಒಬ್ಳೇ.”

“ಯಾಕೆ, ಅಪ್ಪನ ಸ್ಕೂಟರ್ ಏನಾಗಿದೆ?” ಎಂದಳು ಸೊಸೆ.

“ಏನೂ ಆಗಿಲ್ಲಮ್ಮ. ನಮ್ಮ ಕ್ಲಾಸಲ್ಲಿ ನಡ್ಕೊಂಡು ಬರೋರು ದಿನಾ ಏನಾದ್ರೂ ಒಂದು ಕಥೆ ಹೇಳ್ತಾರೆ. ನಾಯಿ ಮರಿ ಹಾಕಿದ್ದು, ಜಗಳ ಆಗಿದ್ದು. ನಂಗೆ ಕಾಣೋದು ಅಪ್ಪನ ಬೆನ್ನು ಮಾತ್ರ.”

ನನಗೆ ನಗು ಬಂತು. ಸೊಸೆಗೆ ಬರಲಿಲ್ಲ. ಅವಳು ಸಾರಿನ ಸೌಟು ಕೆಳಗಿಟ್ಟು ಫೋನ್ ತೆಗೆದಳು. ಅದರೊಳಗೆ, ವಾಟ್ಸಾಪ್ ಮೆಸೇಜಿನಲ್ಲಿ, ಮಕ್ಕಳ ಕಳ್ಳರಿದ್ದರು. ಮೊನ್ನೆ ಹಾಸನದಲ್ಲಿದ್ದವರು ಇವತ್ತು ಮಂಡಿ ಮೊಹಲ್ಲಾಕ್ಕೆ ಬಂದಿದ್ದರು. ಅದೇ ಫೋಟೋ, ಅದೇ ಕಂಬಳಿ. “ಊರೆಲ್ಲ ಸುತ್ತೋಕೆ ಇವರಿಗೇನು ಬಸ್ ಪಾಸ್ ಕೊಟ್ಟಿದಾರಾ?” ಎಂದೆ. ಸೊಸೆಯ ಕಣ್ಣಲ್ಲಿ ನೀರು ತುಂಬಿತ್ತು. “ನಿಮಗೆ ತಮಾಷೆ ಅತ್ತೆ. ಇರೋದು ಒಂದೇ ಮಗು.” ಅವಳ ಫೋನಿನ ಕಳ್ಳರು ಸುಳ್ಳಿರಬಹುದು, ಅವಳ ಹೆದರಿಕೆ ಸುಳ್ಳಲ್ಲ. ದೊಡ್ಡ ರಸ್ತೆಯಲ್ಲಿ ಬಸ್ಸುಗಳು ನುಗ್ಗುವುದೂ, ಫುಟ್‌ಪಾತಿನ ಮೇಲೆ ಬೈಕು ಹತ್ತಿಸುವುದೂ ಸುಳ್ಳಲ್ಲ.

ಯಜಮಾನರನ್ನು ಕೇಳಿದರೆ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. “ಹೋಗೋದೂ ಒಳ್ಳೇದೇ, ಹೋಗ್ದೇ ಇರೋದೂ ಒಳ್ಳೇದೇ.” ಇವರನ್ನು ಕಟ್ಟಿಕೊಂಡು ಇಷ್ಟು ವರ್ಷ ಹೇಗೆ ಸಂಸಾರ ಮಾಡಿದೆನೋ! ನಾನೇ ಎದ್ದು ನಿಂತೆ. ಭಾನುವಾರ ಅವಳನ್ನು ಕರೆದುಕೊಂಡು ಹೋಗಿ, ಸಿಗ್ನಲ್ ಹತ್ತಿರ ಪೊಲೀಸಿನವರು ಕೈ ತೋರಿಸಿದ ಮೇಲೆಯೇ ದಾಟಬೇಕು ಎಂದು ಸಾಕೆನ್ನುವವರೆಗೆ ಅಭ್ಯಾಸ ಮಾಡಿಸಿದೆ. ಕೊನೆಗೆ ಮಗ ಒಪ್ಪಿದ, ಷರತ್ತು ಹಾಕಿ.

“ಒಂದು ದಿನ ನೋಡೋಣ. ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಹತ್ತನೇ ಕ್ಲಾಸ್ ಮುಗಿಯೋವರ್ಗೂ ಸ್ಕೂಟರೇ. ಆಮೇಲೆ ಅಳ್ಬಾರ್ದು.”

“ಅಳಲ್ಲ,” ಎಂದಳು ಹುಡುಗಿ.

ಸೋಮವಾರ ಬೆಳಿಗ್ಗೆ ಬ್ಯಾಗು ಏರಿಸಿಕೊಂಡು, ಕತ್ತಿಗೆ ಐಡಿ ಕಾರ್ಡ್ ನೇತುಹಾಕಿಕೊಂಡು, ಮೈಸೂರನ್ನೇ ಗೆಲ್ಲಲು ಹೊರಟವಳ ಹಾಗೆ ಹೊರಟಳು. ನಾಲ್ವರೂ ಗೇಟಿನಲ್ಲಿ ನಿಂತು ಕೈಬೀಸಿದೆವು. ನಾನು ಒಳಗೆ ಬಂದು ನೆಮ್ಮದಿಯಿಂದ ಎರಡನೇ ಲೋಟ ಕಾಫಿ ಬೆರೆಸಿಕೊಂಡೆ.

ಅದನ್ನು ಕುಡಿದು ಮುಗಿಸಿರಲಿಲ್ಲ. ಮಗನ ಫೋನೂ ಸೊಸೆಯ ಫೋನೂ ಒಟ್ಟಿಗೆ ಟಿಣ್ ಎಂದವು. ಹಾಜರಿ ಕರೆದಾಗ ಮಗು ಕ್ಲಾಸಿನಲ್ಲಿ ಇಲ್ಲದಿದ್ದರೆ ಶಾಲೆಯಿಂದ ಮೆಸೇಜ್ ಬರುತ್ತದೆ: ನಿಮ್ಮ ಮಗು ಇಂದು ತರಗತಿಗೆ ಬಂದಿಲ್ಲ.

ಅಯ್ಯೋ, ಆ ಗಳಿಗೆ ಯಾರಿಗೂ ಬೇಡ. ಸೊಸೆ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಮಗ ಹೆಲ್ಮೆಟ್ಟೂ ಇಲ್ಲದೆ, ಬನಿಯನ್ ಮೇಲೆಯೇ ಸ್ಕೂಟರ್ ಹತ್ತಿ ಓಡಿದ. ಅಷ್ಟು ಜೋರು ಮಾಡಿದವಳು ನಾನು. ಬಾಯಲ್ಲಿ ‘ಚಾಮುಂಡಿ ತಾಯಿ, ಚಾಮುಂಡಿ ತಾಯಿ’ ಬಿಟ್ಟರೆ ಬೇರೆ ಮಾತಿಲ್ಲ. ಸ್ವಲ್ಪ ಹೊತ್ತಿಗೆ ಮಗ ಶಾಲೆಯ ಗೇಟಿನಿಂದ ಫೋನ್ ಮಾಡಿದ. “ಇದಾಳೆ. ಈಗ ತಾನೇ ಬಂದ್ಲಂತೆ.” ಸೊಸೆ ನನ್ನನ್ನು ನೋಡಿದಳು. ಎದ್ದು ಮುಖ ತೊಳೆದುಕೊಂಡು ಆಫೀಸಿಗೆ ಹೋದಳು.

ಸಂಜೆ ಹುಡುಗಿ ಬಂದದ್ದು ಅಪ್ಪನ ಸ್ಕೂಟರಿನ ಹಿಂದೆ. ಅಳುವುದಿಲ್ಲ ಎಂದು ಮಾತು ಕೊಟ್ಟಿದ್ದಳಲ್ಲ, ಕೆಳತುಟಿ ಕಚ್ಚಿಕೊಂಡಿದ್ದಳು. ಅವಳಪ್ಪ ಎಲ್ಲರನ್ನೂ ಕೂರಿಸಿಕೊಂಡು ವಿಚಾರಣೆ ಶುರುಮಾಡಿದ. ಅಷ್ಟು ಹೊತ್ತು ಎಲ್ಲಿದ್ದೆ?

“ಬಟ್ಟೆ ಹೊಲಿಯೋ ಆಂಟಿ ಕರೆದ್ರು, ನಿಂತೆ. ಯೂನಿಫಾರ್ಮ್ ಗಿಡ್ಡ ಆಗಿದೆ ಅಂತ ಟೇಪ್ ತಂದು ಅಳತೆ ತಗೊಂಡ್ರು.”

ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

“ಆಮೇಲೆ ಕಟ್ಟೆ ಮೇಲೆ ಪೇಪರ್ ಓದೋ ತಾತ ಕರೆದ್ರು. ಹದಿನೇಳರ ಮಗ್ಗಿ ಹೇಳು ಅಂದ್ರು. ಮಧ್ಯ ತಪ್ಪಿತು, ಮೊದಲಿಂದ ಹೇಳಿಸಿದ್ರು.”

ಯಜಮಾನರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಆ ತಾತ ಇವರ ವಾಕಿಂಗ್ ಸ್ನೇಹಿತರು.

“ಮೆಡಿಕಲ್ ಶಾಪ್ ಅಂಕಲ್, ಒಬ್ಳೇ ರಸ್ತೆ ದಾಟ್ಬೇಡ, ಗಿರಾಕಿ ಮುಗೀಲಿ ದಾಟಿಸ್ತೀನಿ ಅಂದ್ರು. ಗಿರಾಕಿ ಮುಗೀಲೇ ಇಲ್ಲಪ್ಪ.”

ಆ ಅಂಕಲ್ ನನ್ನ ಮಗನ ಜೊತೆ ಓದಿದವನು. ಮಗ ಸೀಲಿಂಗ್ ಫ್ಯಾನ್ ನೋಡುತ್ತ ಕೂತ. ನನಗೆ ಎಲ್ಲ ಅರ್ಥವಾಗಿ ಸಿಟ್ಟು ನೆತ್ತಿಗೇರಿತು. “ಭೇಷ್! ಮಗೂನ ಒಬ್ಳೇ ಕಳಿಸ್ತೀವಿ ಅಂತ ಹೇಳಿ, ಒಬ್ಬೊಬ್ಬರು ಒಂದೊಂದು ಕಡೆ ಕಾವಲು ಹಾಕಿದ್ರಾ? ನಾಚಿಕೆ ಆಗಲ್ವಾ?”

“ದೇವಸ್ಥಾನದ ಹತ್ರ ಹೂ ಮಾರೋ ಹೂವಮ್ಮನೂ ಕರೆದ್ರು ಅಜ್ಜಿ,” ಎಂದಳು ಹುಡುಗಿ. “ನೀನೇ ಅವರಿಗೆ ನೋಡ್ಕೋ ಅಂದಿದ್ಯಂತೆ. ಹೂ ಮುಡಿಸ್ದೆ ಕಳಿಸಲ್ಲ ಅಂತ ಕೂರಿಸಿಬಿಟ್ರು.”

ಹೌದು, ಹೇಳಿದ್ದೆ. ಏನೀಗ? ನನ್ನದು ಹೆದರಿಕೆಯಲ್ಲ, ಎಚ್ಚರಿಕೆ. ಆದರೆ ಆ ವ್ಯತ್ಯಾಸವನ್ನು ವಿವರಿಸಲು ಯಾರೂ ಬಿಡಲಿಲ್ಲ. ಮನೆಮಂದಿಯೆಲ್ಲ ನನ್ನನ್ನು ನೋಡಿ ಗೊಳ್ಳೆಂದು ನಕ್ಕರು. ಸೊಸೆಯೂ ನಕ್ಕಳು.

ಹುಡುಗಿ ಮಾತ್ರ ನಗಲಿಲ್ಲ.

“ದೊಡ್ಡವರು ಕರೆದ್ರೆ ನಿಂತು, ಕೇಳಿದ್ದಕ್ಕೆ ಉತ್ತರ ಹೇಳಿ, ಅವರು ಹೋಗು ಅಂದ ಮೇಲೇ ಹೋಗ್ಬೇಕು ಅಂತ ನೀನೇ ಕಲ್ಸಿದ್ದಲ್ವಾ ಅಜ್ಜಿ? ಹಾಗೇ ಮಾಡ್ದೆ. ನಿಲ್ಬೇಕಾ, ಬೇಡ್ವಾ?”

“ಗೊತ್ತಿರೋರು ಕರೆದ್ರೆ ನಿಲ್ಲು ಪುಟ್ಟಿ, ಗೊತ್ತಿಲ್ದೇ ಇರೋರು ಕರೆದ್ರೆ ನಿಲ್ಬೇಡ,” ಎಂದಳು ಸೊಸೆ.

“ಹೆಸರು ಹಿಡಿದು ಕರೆದ್ರೆ ಎಲ್ರೂ ಗೊತ್ತಿರೋರ ಥರಾನೇ ಇರ್ತಾರಮ್ಮ.” ಕತ್ತಿನ ಐಡಿ ಕಾರ್ಡ್ ಎತ್ತಿ ತೋರಿಸಿದಳು. “ನನ್ನ ಹೆಸರು ಇಲ್ಲೇ ಇದೆ.”

ನಗು ನಿಂತುಹೋಯಿತು. ಸೊಸೆ ಮಗಳನ್ನು ಎಳೆದು ಪಕ್ಕಕ್ಕೆ ಒತ್ತಿಕೊಂಡಳು. ಇಡೀ ಊರನ್ನು ಕಂಡು ಹೆದರಿದ್ದೆವು. ಯಾರು ಕರೆದರೂ ನಿಲ್ಲುವ ಹುಡುಗಿಯನ್ನು ನಾವೇ, ಇದೇ ಮನೆಯಲ್ಲಿ, ಹೊಗಳಿ ಹೊಗಳಿ ಬೆಳೆಸಿದ್ದೆವು. ಬಂದವರೆಲ್ಲ ‘ಎಂಥಾ ವಿನಯ ಕಣ್ರೀ ನಿಮ್ಮ ಮೊಮ್ಮಗಳಿಗೆ’ ಎಂದಾಗ ನಾನೇ ಹಿಗ್ಗುತ್ತಿದ್ದೆ.

ಆದರೆ ಕೊರಗುತ್ತ ಕೂರುವ ಜಾಯಮಾನ ನನ್ನದಲ್ಲ. ಕಾನೂನು ಮಾಡಿದವಳು ನಾನು, ತಿದ್ದುವವಳೂ ನಾನೇ.

“ಕೇಳು ಇಲ್ಲಿ. ಸ್ಕೂಲಿನ ದಾರೀಲಿ ಯಾರಿಗೂ ನಿಲ್ಬೇಡ. ಯಾರು ಕರೆದ್ರೂ, ಏನು ಕೊಡ್ತೀನಿ ಅಂದ್ರೂ, ‘ಹೊತ್ತಾಯ್ತು, ಬರ್ತೀನಿ’ ಅನ್ನು. ಬಾಯಿ ಮಾತಾಡ್ತಾ ಇರ್ಲಿ, ಕಾಲು ನಡೀತಾ ಇರ್ಲಿ.”

“ಹುಡುಗಿಗೆ ಜಂಬ ಅಂತಾರೆ ಕಣೇ,” ಎಂದರು ಯಜಮಾನರು.

“ಅನ್ನಲಿ ಬಿಡಿ. ಕಾವಲೆಲ್ಲ ಇವತ್ತೇ ತೆಗೀರಿ.”

ತಾನೂ ಕಾವಲು ಹಾಕಿದ್ದ ಮಗ ಇನ್ನೊಂದು ದಿನ ಕೊಡಲು ಒಪ್ಪಿದ; ಸೊಸೆ ಷರತ್ತು ಹಾಕಿದಳು. “ಇವಳು ನಿಲ್ಲಲ್ಲ ಅನ್ನೋದನ್ನ ನಾನು ಕಣ್ಣಾರೆ ನೋಡ್ಬೇಕು ಅತ್ತೆ. ಒಂದು ಸಲ ನಿಂತ್ಲೋ, ಸ್ಕೂಟರೇ.”

“ನೋಡು, ನಾನೇ ಕರೀತೀನಿ,” ಎಂದೆ ಸೊಸೆಗೆ ಗುಟ್ಟಾಗಿ. ನನ್ನ ಕರೆಗೆ ಹುಟ್ಟಿದಾಗಿನಿಂದ ಓಡಿ ಬಂದ ಮಗು ಅದು.

ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲೇ ನಾವಿಬ್ಬರೂ ದೇವಸ್ಥಾನದ ಹತ್ತಿರ ಹೋದೆವು. ಸೊಸೆ ಕಂಬದ ಹಿಂದೆ ನಿಂತಳು. ನಾನು ಹೂವಮ್ಮನ ಪಕ್ಕದಲ್ಲಿ, ಕೈಯಲ್ಲಿ ಚಕ್ಕುಲಿ ಹಿಡಿದು. ಹುಡುಗಿ ಎದುರು ಬದಿಯಲ್ಲಿ ಬಂದಳು. ನಾನು ದನಿಯಲ್ಲಿ ಇದ್ದಬದ್ದ ಅಕ್ಕರೆಯೆಲ್ಲ ಸುರಿದು ಕೂಗಿದೆ.

“ಪುಟ್ಟೀ, ಒಂದ್ನಿಮಿಷ ನಿಂತ್ಕೋ ಕಂದ! ಬಾ ಇಲ್ಲಿ, ನಿಂಗೆ ಅಂತ ಚಕ್ಕುಲಿ ತಂದಿದೀನಿ!”

ಅವಳು ತಿರುಗಿದಳು. ಮುಖ ಅರಳಿತು. ಕಾಲು ನಿಧಾನವಾಯಿತು. ನಿಂತೇ ಬಿಟ್ಟಳು ಎಂದುಕೊಂಡೆ. ನನ್ನೊಳಗಿನ ಅರ್ಧ ಜೀವ, ಸುಳ್ಳು ಯಾಕೆ ಹೇಳಲಿ, ನಿಲ್ಲಲಿ ಎಂದೇ ಬಯಸಿತು.

“ಹೊತ್ತಾಯ್ತು ಅಜ್ಜಿ, ಬರ್ತೀನಿ!”

ಹೋದಳು. ಜಡೆ ಬ್ಯಾಗಿಗೆ ಬಡಿಯುತ್ತಿತ್ತು. ಹಿಂತಿರುಗಿ ನೋಡಲಿಲ್ಲ. ಕಂಬದ ಹಿಂದಿನಿಂದ ಬಂದ ಸೊಸೆ ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡು, “ನಿಲ್ಲಲಿಲ್ಲ ಅತ್ತೆ, ನಿಲ್ಲಲಿಲ್ಲ” ಎಂದು ಅಳುತ್ತ ನಕ್ಕಳು. ಹುಡುಗಿ ಮೂಲೆ ತಿರುಗಿದ ಮೇಲೂ ನಾನು ಚಕ್ಕುಲಿಯ ಕೈಯನ್ನು ಚಾಚಿಕೊಂಡೇ ಇದ್ದೆ.

ಹೂವಮ್ಮನಿಗೆ ತಡೆಯಲಾಗಲಿಲ್ಲ. “ಇದೇನ್ರವ್ವಾ, ಸ್ವಂತ ಅಜ್ಜಿ ಕರುದ್ರೂ ನಿಲ್ದೆ ಅಂಗೇ ಒಂಟೋದ್ಲಲ್ಲ ಮಗಾ! ಯಾರು ಕಲ್ಸುದ್ರು ಇಂಥ ಬುದ್ಧಿಯ?”

“ನಾನೇ ಕಣಮ್ಮ,” ಎಂದೆ.