ಗುಹೆಯ ಬಾಗಿಲಲ್ಲಿ ಇಪ್ಪತ್ತಾರು ವರ್ಷ

ಲೋಕದಲ್ಲಿ ತಪಸ್ಸು ಮಾಡಿದವರು ಬಹಳ ಮಂದಿ. ಒಂಟಿ ಕಾಲಲ್ಲಿ ನಿಂತವರು, ಗಾಳಿ ಕುಡಿದು ಬದುಕಿದವರು, ಮೈಮೇಲೆ ಹುತ್ತ ಬೆಳೆದರೂ ಕದಲದವರು. ಅವರಿಗೆಲ್ಲ ಕೊನೆಗೊಂದು ದಿನ ವರವೋ ಶಾಪವೋ ಏನೋ ಒಂದು ಸಿಕ್ಕಿತು, ಎದ್ದು ಮನೆಗೆ ಹೋದರು. ನಮ್ಮ ಗಡಿಯಾರದ ಮಾಸ್ತರು ಮಾತ್ರ ಒಂದು ಗುಹೆಯ ಬಾಗಿಲ ಮುಂದೆ ಇಪ್ಪತ್ತಾರು ವರ್ಷ ನಿಂತಿದ್ದರು. ಬಾಗಿಲು ತೆರೆದೇ ಇತ್ತು.

ಅವರ ಚೀಲದಲ್ಲಿ ತೊಂಬತ್ತೊಂಬತ್ತು ಸೀಸೆ ಅಮೃತವಿತ್ತು. ನೂರನೆಯದು ಚೀಲದಲ್ಲಿ ಹಿಡಿಸುವುದಿಲ್ಲ, ಹಿಡಿಸಿದ್ದರೆ ಅದೂ ಇರುತ್ತಿತ್ತು. ದೇವತೆಗಳು ಅಮೃತಕ್ಕೆಂದು ಸಮುದ್ರ ಕಡೆದರಂತೆ. ಕಡೆದರು, ಕುಡಿದರು, ಮುಗಿಯಿತು. ಇವರು ಕಡೆದು ಜೋಡಿಸಿಟ್ಟರು. ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಲಿಲ್ಲ.

ಗುಹೆ ಇರುವುದು ಮೂರನೆಯ ಮಹಡಿಯ ಮಲಗುವ ಕೋಣೆಯಲ್ಲಿ, ಬೆನ್ನು ಉಬ್ಬಿದ ಹಳೆಯ ಟೀವಿಯೊಳಗೆ, ಹೆಬ್ಬೆರಳ ಉಗುರಿನಷ್ಟು ಅಗಲಕ್ಕೆ. ಅದರ ಮುಂದೆ ನಿಂತ ವೀರನ ಮೈಯೆಲ್ಲ ಚೌಕಗಳೇ. ಮೂಗಿಗೆ ಒಂದು ಚೌಕ, ಕತ್ತಿಗೆ ಮೂರು. ಕತ್ತಿ ಮೂಗಿಗಿಂತ ಉದ್ದ ಎನ್ನುವುದೊಂದೇ ಅವನ ಪೌರುಷಕ್ಕೆ ಸಾಕ್ಷಿ. ಇದೊಂದು ವಿಡಿಯೋ ಗೇಮು. ಮಾಸ್ತರಿಗೆ ಮೀಸೆ ಚಿಗುರಿದ ಕಾಲದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಕ್ಯಾಸೆಟ್ಟು. ಮೇಲಿನ ಚೀಟಿ ಸವೆದು ಹೋಗಿರುವುದರಿಂದ ಅದರ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಮನೆಯಲ್ಲಿ ಅದಕ್ಕೆ ‘ಕತ್ತಿ ಆಟ’ ಎನ್ನುತ್ತಾರೆ.

ಹೊಟ್ಟೆಪಾಡಿಗೆ ಮಾಸ್ತರು ಗಡಿಯಾರ ರಿಪೇರಿ ಮಾಡುತ್ತಾರೆ. ಪೇಟೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಎದ್ದು ನಿಂತರೆ ಎಂಟನೆಯ ಮೆಟ್ಟಿಲು ತಲೆಗೆ ಬಡಿಯುವ ಜಾಗದಲ್ಲಿ ಅವರ ಗಾಜಿನ ಮೇಜು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಗುಂಡಿಯಷ್ಟು ಸೆಲ್ ಹಿಡಿದು ಕೂರಿಸಿದರೆ ಸತ್ತ ಗಡಿಯಾರ ಟಿಕ್ಕೆನ್ನುತ್ತದೆ. ಕೈ ಅಲುಗಿದ್ದನ್ನು ಕಂಡವರಿಲ್ಲ. ಗಿರಾಕಿ “ಹಳೇ ಸೆಲ್ ಬಿಸಾಕಿ ಮಾಸ್ತರೇ” ಎಂದರೆ, “ಇರ್ಲಿ, ಬೇಕಾಗುತ್ತೆ” ಎಂದು ಅದನ್ನು ಡಬ್ಬಿಗೆ ಹಾಕುತ್ತಾರೆ. ಸತ್ತ ಸೆಲ್ಲು ಯಾರಿಗೆ ಯಾವಾಗ ಬೇಕಾಗುತ್ತದೆಂದು ಕೇಳಬಾರದು. ಅಂಥ ಡಬ್ಬಿಗಳು ಹನ್ನೊಂದಿವೆ.

ಮನೆಯಲ್ಲೂ ಇದೇ ರಾಜ್ಯಭಾರ. ಹೆಂಡತಿ ತಂದುಕೊಟ್ಟ ಒಂದು ರೇಷ್ಮೆ ಅಂಗಿ ಗುಂಡುಪಿನ್ನು ತೆಗೆಯದೆ ಬೀರುವಿನಲ್ಲೇ ಇತ್ತು. ದೊಡ್ಡ ಕಾರ್ಯಕ್ಕೆ ಹಾಕಿಕೊಳ್ಳುತ್ತೇನೆ ಎನ್ನುತ್ತಿದ್ದರು. ಕಾರ್ಯ ಬರುವಷ್ಟರಲ್ಲಿ ಹೊಟ್ಟೆ ಬಂತು.

ಈ ಜಾತಿಯ ಆಟಗಳನ್ನು ಆಡದ ಪುಣ್ಯವಂತರಿಗೆ ಎರಡು ಮಾತು ಹೇಳಬೇಕು. ಒಬ್ಬ ರಾಜ. ಲೋಕ ಮುಳುಗುತ್ತಿದೆ ಎಂದು ಗೋಳಾಡುತ್ತಾನೆ. ಅವನ ಬೆನ್ನ ಹಿಂದೆ ಇಪ್ಪತ್ತು ಜನ ಸೈನಿಕರು ಈಟಿ ಹಿಡಿದು ನಿಂತಿದ್ದಾರೆ, ಅವರನ್ನು ಕಳಿಸುವುದಿಲ್ಲ. ನಿದ್ದೆಯಿಂದ ಎಬ್ಬಿಸಿ ತಂದ ಹಳ್ಳಿ ಹುಡುಗನ ಕೈಗೆ ಒಂದು ದೊಣ್ಣೆ ಕೊಟ್ಟು, ಹೋಗಿ ಲೋಕ ಉಳಿಸಿ ಬಾ ಎನ್ನುತ್ತಾನೆ. ಹುಡುಗ ಮೊಟ್ಟಮೊದಲು ಮಾಡುವ ಘನಕಾರ್ಯವೆಂದರೆ ಊರವರ ಮನೆಗಳಿಗೆ ನುಗ್ಗಿ ಬೀರು ತೆರೆದು ಸಿಕ್ಕಿದ್ದನ್ನು ಚೀಲಕ್ಕೆ ತುಂಬಿಕೊಳ್ಳುವುದು. ಮನೆಯೊಡತಿ ಪಕ್ಕದಲ್ಲೇ ನಿಂತು, “ಇವತ್ತು ಹವೆ ಚೆನ್ನಾಗಿದೆ” ಎನ್ನುತ್ತಾಳೆ. ಇನ್ನೊಮ್ಮೆ ಮಾತಾಡಿಸಿದರೂ ಹವೆ ಚೆನ್ನಾಗಿದೆ. ಊರಿಗೆ ಬೆಂಕಿ ಬಿದ್ದ ಮೇಲೆ ಕೇಳಿದರೂ ಹವೆ ಚೆನ್ನಾಗಿಯೇ ಇದೆ.

ಊರಾಚೆ ನಾಲ್ಕು ಹೆಜ್ಜೆಗೊಂದು ಲೋಳೆಮುದ್ದೆ ಅಡ್ಡ ಬರುತ್ತದೆ. ಯುದ್ಧವೋ, ಯಾವ ಟಿಕೆಟ್ ಸಾಲಿನಲ್ಲೂ ಕಾಣದಷ್ಟು ಶಿಸ್ತಿನದು: ನಾನು ಒಂದು ಹೊಡೆಯುತ್ತೇನೆ, ಆಮೇಲೆ ನೀನು ಒಂದು ಹೊಡಿ. ಹೀಗೆ ನೂರು ಮುದ್ದೆ ಬಡಿದರೆ ಒಂದು ಲೆವೆಲ್ ಏರುತ್ತದೆ. ಇದನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವ, ನಲವತ್ತೈದು ದಾಟಿದ ಗಂಡಸರ ಒಂದು ಪಂಗಡವೇ ಇದೆ. “ಆಗಿನ ಆಟಗಳಲ್ಲಿ ಕಥೆ ಇತ್ತು ಸ್ವಾಮಿ” ಎನ್ನುತ್ತಾರೆ. ಇತ್ತು, ಇಲ್ಲವೆಂದವರಾರು? ಎಲ್ಲದರಲ್ಲೂ ಅದೇ ಇತ್ತು.

ಕೊನೆಯ ಗುಹೆಗೆ ಹೋಗಲು ನಲವತ್ತನೆಯ ಲೆವೆಲ್ ಧಾರಾಳ ಸಾಕು. ಮಾಸ್ತರು ತೊಂಬತ್ತೊಂಬತ್ತಕ್ಕೆ ಏರಿ ಹತ್ತೊಂಬತ್ತು ವರ್ಷವಾಗಿತ್ತು. ಅದರಾಚೆಗೆ ಏರಲು ಮೆಟ್ಟಿಲೇ ಇಲ್ಲ. ಆದರೂ ದಿನಾ ಸಂಜೆ ಒಂದು ಗಂಟೆ ಮಂಚದ ಅಂಚಿನಲ್ಲಿ ಕೂತು ಮುದ್ದೆ ಬಡಿಯುತ್ತಿದ್ದರು, ಗುಹೆಯವರೆಗೆ ಹೋಗುತ್ತಿದ್ದರು, ಬಾಗಿಲಲ್ಲಿ ನಿಂತು ಸೇವ್ ಮಾಡಿ ಆರಿಸುತ್ತಿದ್ದರು. ಒಳಗಿರುವ ರಾಕ್ಷಸ ಮೂರು ಸಲ ಸತ್ತು ಮೂರು ಸಲ ಏಳುತ್ತಾನೆಂದು ಯಾರೋ ಒಂದು ಕಾಲದಲ್ಲಿ ಹೇಳಿದ್ದರಂತೆ. ಸಿದ್ಧತೆ ಸಾಲದು ಎಂದು ಇವರ ಲೆಕ್ಕ.

ಪಕ್ಕದ ಕುರ್ಚಿಯಲ್ಲಿ ಸ್ವೆಟರ್ ಹೆಣೆಯುತ್ತ ಕೂರುವ ಅತ್ತೆಗೆ ಮಾತ್ರ ಕರುಳು ಚುರ್ರೆನ್ನುತ್ತಿತ್ತು.

“ಅಳಿಯಂದಿರೇ, ಆ ಹುಡುಗನಿಗೆ ಮನೆಮಠ ಇಲ್ವಾ? ನಾನು ಈ ಮನೆಗೆ ಬಂದಾಗಿಂದ ಬಿಸಿಲಲ್ಲೇ ನಿಂತಿದ್ದಾನೆ.”

“ಒಳಗೆ ಹೋಗ್ತಾನೆ ಅತ್ತೆ. ಇನ್ನೂ ಸ್ವಲ್ಪ ಗಟ್ಟಿಯಾಗ್ಲಿ.”

“ನನ್ನ ಹಲ್ಲೆಲ್ಲ ಉದುರಿದ್ವು, ಅವನು ಇನ್ನೂ ಗಟ್ಟಿಯಾಗ್ತಾನೇ ಇದ್ದಾನೆ.”

ಭಾನುವಾರಗಳಂದು ಊಟಕ್ಕೆ ಬರುವ ಭಾವಮೈದ ಇನ್ನೂ ಕಟುಕ. ಅವನು ಲಿಫ್ಟ್ ಮೆಕ್ಯಾನಿಕ್ಕು, ಜನರನ್ನು ಮೇಲೆ ಕಳಿಸುವುದೇ ಕಸುಬು. ಇದೇ ಆಟವನ್ನು ಶಾಲೆಯ ರಜೆಯಲ್ಲಿ ಹನ್ನೊಂದು ದಿನಕ್ಕೆ ಮುಗಿಸಿದ್ದ. ಆ ಹನ್ನೊಂದು ದಿನವನ್ನು ಹೇಳದೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

“ಭಾವ, ಇನ್ನೂ ಬಾಗಿಲಲ್ಲೇ ಇದ್ದೀರಾ? ದಯಮಾಡಿಸಿ ಅಂತ ರಾಕ್ಷಸನೇ ಬಂದು ಕರೀಬೇಕಾ?”

“ನೀನು ಅವಸರದಲ್ಲಿ ಮುಗಿಸಿದೋನು. ನಿನಗೇನು ಗೊತ್ತು ಅದರ ಸುಖ.”

“ಮುಗಿಸದೇ ಇರೋದ್ರಲ್ಲಿ ಏನು ಸುಖ ಭಾವ? ನೆಗಡಿ ಬಂದು ಸೀನು ಬರದೇ ಇದ್ದ ಹಾಗೆ.”

ಇಂಥ ಮಾತಿಗೆಲ್ಲ ಜಗ್ಗುವ ಆಸಾಮಿಯಲ್ಲ ನಮ್ಮ ಮಾಸ್ತರು. ಅವರನ್ನು ಜಗ್ಗಿಸಿದ್ದು ಒಂದು ಸೆಲ್ಲು.

ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೇವೆ, ಚೀಲದಲ್ಲಿ ಏನಿದೆ ಎಂಬುದನ್ನೆಲ್ಲ ನೆನಪಿಟ್ಟುಕೊಳ್ಳಲು ಆ ಹಳೆಯ ಕ್ಯಾಸೆಟ್ಟಿನ ಹೊಟ್ಟೆಯಲ್ಲಿ ಒಂದು ಗುಂಡು ಸೆಲ್ ಇರುತ್ತದೆ, ಥೇಟ್ ಗಡಿಯಾರದ್ದರ ಹಾಗೆ. ಅದು ಸತ್ತರೆ ನೆನಪೂ ಸತ್ತಿತು. ಬದಲಾಯಿಸಲೆಂದು ಕಿತ್ತರೆ, ಕಿತ್ತ ಕ್ಷಣಕ್ಕೇ ಎಲ್ಲ ಹೋಯಿತು. ಒಂದು ಗುರುವಾರ ಸಂಜೆ ಮಾಸ್ತರು ಆಟ ಹಾಕಿದರೆ, ವೀರನ ಹೆಸರಿರಬೇಕಾದ ಸಾಲು ಖಾಲಿ. ಕ್ಯಾಸೆಟ್ ಕಿತ್ತು, ಬಾಯಿಂದ ಊದಿ, ಮತ್ತೆ ಸಿಕ್ಕಿಸಿದರು. ಹೆಸರು ಬಂತು, ಆದರೆ ಮಾಸ್ತರ ಮುಖದ ಬಣ್ಣ ಬರಲಿಲ್ಲ.

ಮರುದಿನ ಮೆಟ್ಟಿಲ ಕೆಳಗೆ, ಗಿರಾಕಿಗಳ ಗಡಿಯಾರಗಳನ್ನೆಲ್ಲ ಬದಿಗೆ ಸರಿಸಿ, ಕ್ಯಾಸೆಟ್ಟಿನ ತಿರುಪು ಬಿಚ್ಚಿ ಸೆಲ್ಲಿಗೆ ಮೀಟರಿನ ಮೊನೆ ಮುಟ್ಟಿಸಿದರು. ಮೂರು ವೋಲ್ಟ್ ಇರಬೇಕಾದ ಕಡೆ ಎರಡೂ ಇಲ್ಲ. ಊರಿಗೆಲ್ಲ “ಸೆಲ್ ಹೋಗಿದೆ ಅಷ್ಟೇ, ಎರಡು ನಿಮಿಷ ನಿಂತ್ಕೊಳ್ಳಿ” ಎಂದು ಹೇಳಿ ಕಳಿಸುವ ಧನ್ವಂತರಿ ಅವರೇ. ಈಗ ಅದೇ ರೋಗ ಸ್ವಂತ ಕೂಸಿಗೆ.

ಉಪಾಯವೇನೋ ಇತ್ತು. ಹಳೆಯ ಸೆಲ್ ಕೀಳುವ ಮೊದಲು ಪಕ್ಕಕ್ಕೆ ತಂತಿ ಎಳೆದು ಹೊಸದೊಂದನ್ನು ಜೋಡಿಸಿದರೆ ನೆನಪು ಉಳಿಯುತ್ತದೆ. ಮೂರು ಹಾಳು ಸರ್ಕ್ಯೂಟ್ ಹಲಗೆಗಳ ಮೇಲೆ ಅಭ್ಯಾಸ ಮಾಡಿದರು, ಮೂರಕ್ಕೂ ಬೆಸುಗೆ ಸರಿಯಾಗಿ ಕೂತಿತು. ನಾಲ್ಕನೆಯದಾಗಿ ತಮ್ಮ ಕ್ಯಾಸೆಟ್ಟನ್ನು ಎಳೆದುಕೊಂಡು ಕಾದ ಕಡ್ಡಿ ಎತ್ತಿದರು. ಕೈ ನಡುಗಿತು. ಒಂದು ಗಳಿಗೆ ಹಾಗೇ ಹಿಡಿದಿದ್ದು, ಕಡ್ಡಿಯನ್ನು ಕೆಳಗಿಟ್ಟು, ಅರ್ಧ ದಿನಕ್ಕೇ ಅಂಗಡಿ ಮುಚ್ಚಿಕೊಂಡು ಮನೆಗೆ ಬಂದರು.

ಹೆಂಡತಿ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆ ತೆಗೆದುಕೊಳ್ಳುವ ಕೆಲಸದವರು. ಗಂಡನ ಕಥೆ ಕೇಳಿ ನಗಲಿಲ್ಲ, ಅದೇ ಆಶ್ಚರ್ಯ.

“ರೀ, ನಮ್ಮಲ್ಲಿ ಒಂದು ಕೋಟು ಇದೆ. ಕೊಟ್ಟೋರು ನಾಲ್ಕು ವರ್ಷದಿಂದ ಬಂದಿಲ್ಲ. ಫೋನ್ ಮಾಡಿದಾಗೆಲ್ಲ, ಚೀಟಿ ಜೋಪಾನವಾಗಿದೆ ಅಂತಾರೆ. ಚೀಟಿ ಇದ್ರೆ ಚಳಿ ಹೋಗುತ್ತಾ?”

“ಕೋಟಿಗೂ ಇದಕ್ಕೂ ಏನು ಸಂಬಂಧ?”

“ನಿಮ್ಮ ವೀರ ಸೆಲ್ ಸತ್ತು ಸತ್ತ ಅಂದ್ರೆ ಅದು ಸಾವೂ ಅಲ್ಲ. ಹೊಡೆದಾಡಿಯಾದ್ರೂ ಸಾಯ್ಲಿ. ಭಾನುವಾರ ಒಳಗೆ ಹೋಗಿ, ನಾವೆಲ್ಲ ಇರ್ತೀವಿ.”

ಮಾಸ್ತರು ಶನಿವಾರ ಟೀವಿ ಹಾಕಲೇ ಇಲ್ಲ. ಹಾಕಿದರೆ ಸೆಲ್ಲಿನಲ್ಲಿ ಉಳಿದ ಉಸಿರೂ ಹೋದೀತು ಎಂಬ ಭಯ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಲಗುವ ಕೋಣೆಯೇ ರಣಾಂಗಣವಾಯಿತು. ಮಂಚದ ಮೇಲೆ ಹೆಂಡತಿ, ಕುರ್ಚಿಯಲ್ಲಿ ಸ್ವೆಟರಿನ ಸಮೇತ ಅತ್ತೆ, ಬಾಗಿಲಿಗೆ ಒರಗಿ ಭಾವಮೈದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಮಾಸ್ತರು ಗುಂಡಿ ಒತ್ತಿದರು. ಸಾಲು ಖಾಲಿ. ಆರಿಸಿ, ಊದಿ, ಒತ್ತಿದರು. ಖಾಲಿ. ಅಣಕಿಸಲು ಬಂದ ಭಾವಮೈದನೂ ಬಗ್ಗಿ ನೋಡಿದ.

“ಬಟ್ಟೇಲಿ ಒರೆಸಿ ನೋಡಿ ಭಾವ. ಮೆಲ್ಲಗೆ.”

ಮಾಸ್ತರು ಗಡಿಯಾರ ಒರೆಸುವ ಮೆತ್ತನೆಯ ಚರ್ಮದಿಂದ ಕ್ಯಾಸೆಟ್ಟಿನ ಹಲ್ಲುಗಳನ್ನು ಒರೆಸಿದರು. ಮೂರನೆಯ ಸಲಕ್ಕೆ ಹೆಸರು ಮೂಡಿತು. ತೊಂಬತ್ತೊಂಬತ್ತನೆಯ ಲೆವೆಲ್, ಗುಹೆಯ ಬಾಗಿಲು. ಮುಂದಿನ ಸಲ ಮೂಡುತ್ತದೆಂದು ಬರೆದುಕೊಡುವವರು ಯಾರೂ ಇರಲಿಲ್ಲ. ಚೀಲ ತೆರೆದು ಸೀಸೆಗಳನ್ನು ನೋಡಿಕೊಂಡರು. ಆಮೇಲೆ ಹೆಬ್ಬೆರಳಿನಿಂದ ಜಾಯ್‌ಸ್ಟಿಕ್ಕನ್ನು ಮೇಲಕ್ಕೆ ಒತ್ತಿದರು.

ವೀರ ಒಳಗೆ ಹೋದ.

“ಹೋದ, ಹೋದ” ಎಂದರು ಅತ್ತೆ. “ನೆರಳಿಗೆ ಹೋದ, ಸದ್ಯ.”

ಒಳಗೆ ಉದ್ದನೆಯ ಕತ್ತಲ ದಾರಿ, ಕೊನೆಯಲ್ಲಿ ಸಿಂಹಾಸನ, ಅದರ ಮೇಲೆ ಕೊಂಬಿನ ರಾಕ್ಷಸ. ಅವನು ಎದ್ದು ಭಾಷಣ ಶುರುಮಾಡಿದ. ಸಾವಿರ ವರ್ಷದಿಂದ ನಿನಗಾಗಿ ಕಾದಿದ್ದೆ ಎಂದ. ಅದರಲ್ಲಿ ಇಪ್ಪತ್ತಾರು ನಮ್ಮವರ ಕೊಡುಗೆ.

“ಭಾವ, ಒಂದು ಸೀಸೆ ಕುಡಿದುಬಿಡಿ ಈಗ” ಎಂದ ಭಾವಮೈದ. “ರುಚಿಗಾದ್ರೂ.”

“ಇರ್ಲಿ, ಆಮೇಲೆ ಬೇಕಾಗುತ್ತೆ.”

“ಇದೇ ಆಮೇಲೆ ಭಾವ. ಇದರಾಚೆಗೆ ಆಮೇಲೆ ಅನ್ನೋದು ಇಲ್ಲ.”

ಮಾಸ್ತರು ಕುಡಿಯಲಿಲ್ಲ. ಕತ್ತಿ ಬೀಸಿದರು. ರಾಕ್ಷಸ ಬಿದ್ದ. ಕೆಂಪಗಾಗಿ ಎದ್ದ, ಬೀಸಿದರು, ಬಿದ್ದ. ಹಾವಿನ ಬಾಲ, ಹದ್ದಿನ ರೆಕ್ಕೆ ಬೆಳೆಸಿಕೊಂಡು ಪರದೆ ತುಂಬ ಎದ್ದ. ಇನ್ನೊಂದು ಬೀಸಿದರು, ಬಿದ್ದ. ಆ ಬಡಪಾಯಿಗೆ ತಿರುಗಿ ಒಂದು ಹೊಡೆಯುವ ಸರದಿಯೇ ಬರಲಿಲ್ಲ. ನಲವತ್ತಕ್ಕೆಂದು ಅಳೆದು ಹೊಲಿದ ರಾಕ್ಷಸನ ಮೇಲೆ ತೊಂಬತ್ತೊಂಬತ್ತು ಬಂದು ಬಿದ್ದರೆ ಇನ್ನೇನಾದೀತು? ಸೊಳ್ಳೆಯ ಮೇಲೆ ಒರಳುಕಲ್ಲು ಎತ್ತಿ ಹಾಕಿದ ಹಾಗಾಯಿತು. ಅತ್ತೆ ಹೆಣೆಯುತ್ತಿದ್ದ ಸಾಲು ಇನ್ನೂ ಅರ್ಧದಲ್ಲೇ ಇತ್ತು.

ರಾಜ ಕುಣಿದ. ಊರವರು ಕುಣಿದರು. ಯಾರ್‍ಯಾರದೋ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹರಿದವು. ಕೊನೆಗೆ ‘ಮುಗಿಯಿತು’ ಎಂಬರ್ಥದ ಅಕ್ಷರ ನಿಂತಿತು. ಯಾವ ಗುಂಡಿ ಒತ್ತಿದರೂ ಅದು ಕದಲಲಿಲ್ಲ. ಹಳೆಯ ಆಟಗಳ ಮರ್ಯಾದೆ ಇಷ್ಟೇ: ಲೋಕ ಉಳಿಸಿದವನನ್ನು ಮನೆಯವರೆಗೆ ಬಿಡುವ ಸೌಜನ್ಯವೂ ಇಲ್ಲ, ಅವನೇ ಸ್ವಿಚ್ ಆರಿಸಿಕೊಂಡು ಎದ್ದು ಹೋಗಬೇಕು.

ಮಾಸ್ತರ ಬೆರಳು ಸ್ವಿಚ್ಚಿನ ಮೇಲೆ ಬಂತು.

“ತಾಳಿ ಭಾವ” ಎಂದ ಭಾವಮೈದ. ದನಿ ಬದಲಾಗಿತ್ತು. “ಆರಿಸಿದ್ರೆ ಮತ್ತೆ ಅವನು ಬರ್ತಾನೋ ಇಲ್ವೋ. ಹಾಗೇ ಬಿಟ್ಟಿರಿ. ಕರೆಂಟ್ ಹೋಗೋ ತನಕ ಇರ್ಲಿ.”

ಮಾಸ್ತರು ಆರಿಸಿದರು. ಪರದೆ ಕುಗ್ಗಿ ಒಂದು ಚುಕ್ಕೆಯಾಗಿ, ಆ ಚುಕ್ಕೆಯೂ ಹೋಯಿತು.

ಹೆಂಡತಿ ಗಂಡನ ಹೆಗಲ ಮೇಲೆ ಕೈಯಿಟ್ಟರು. ಅತ್ತೆ ಸೂಜಿ ಕೆಳಗಿಟ್ಟರು. ಹನ್ನೊಂದೇ ದಿನಕ್ಕೆ ಮುಗಿಸಿ ಮೂವತ್ತು ವರ್ಷ ಜಂಬ ಕೊಚ್ಚಿದ ಭಾವಮೈದ ಮೊದಲ ಸಲ ಸಣ್ಣವನಂತೆ ಮಾಸ್ತರ ಪಕ್ಕದಲ್ಲಿ ನೆಲಕ್ಕೇ ಕೂತ. ಯುಗವೊಂದು ಮುಗಿದಾಗ ಆಡಬೇಕಾದ ಮಾತಿಗಾಗಿ ಮೂವರೂ ಮಾಸ್ತರ ಬಾಯಿಯನ್ನೇ ನೋಡುತ್ತಿದ್ದರು.

“ಹೇಳಿ ಭಾವ” ಎಂದ ಅವನು ಮೆಲ್ಲಗೆ. “ಇಪ್ಪತ್ತಾರು ವರ್ಷ. ಈಗ ಏನನ್ನಿಸ್ತಿದೆ?”

ಮಾಸ್ತರು ಜಾಯ್‌ಸ್ಟಿಕ್ಕಿನ ವೈರನ್ನು ಅಚ್ಚುಕಟ್ಟಾಗಿ ಸುತ್ತುತ್ತಿದ್ದರು.

“ಇಷ್ಟು ಬೇಗ ಮುಗಿಯುತ್ತೆ ಅಂತ ಗೊತ್ತಿದ್ರೆ ನಿನ್ನೆ ಸಂಜೇನೇ ಮುಗಿಸ್ತಿದ್ದೆ” ಎಂದರು. “ಇವತ್ತು ಸ್ವಲ್ಪ ಹೊತ್ತು ಜಾಸ್ತಿ ಮಲಗಬಹುದಿತ್ತು.”